ಮೂರನೇ ಮಹಡಿ, ಸೀರೆ ವಿಭಾಗ

"ಯಾರ್ರೀ ಅದು ಮೇಲೆ? ಲಿಫ್ಟ್ ಗೇಟ್ ಹಾಕ್ರೀ!"

ಈ ಕೂಗು ಕೇಳಿ ಬೆಳೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತೆ. ಹಳೇ ಲಿಫ್ಟು ಕರೆದ ತಕ್ಷಣ ಬರೋ ಯಂತ್ರ ಆಗಿರಲಿಲ್ಲ. ಮೇಲೆ ಇಳಿದವರು ಕಬ್ಬಿಣದ ಜಾಲರಿ ಗೇಟನ್ನು ಕೊನೇವರೆಗೂ ಎಳೆದು ಮುಚ್ಚದಿದ್ದರೆ ಅದು ಅಲ್ಲೇ ನಿಂತುಬಿಡೋದು. ಗೇಟು ಪೂರ್ತಿ ಮುಚ್ಚಿದರೆ ಮಾತ್ರ ವಿದ್ಯುತ್ ಸಂಪರ್ಕ ಕೂಡುವಂಥ ವ್ಯವಸ್ಥೆ ಅದು. ಕೆಳಗಿದ್ದವರು ಗುಂಡಿ ಒತ್ತಿ ಒತ್ತಿ ಸುಸ್ತಾಗಿ, ಕೊನೆಗೆ ಕತ್ತೆತ್ತಿ ಕೂಗಬೇಕಿತ್ತು. ಒಬ್ಬರು ಮರೆತರೆ ಉಳಿದವರಿಗೆಲ್ಲ ಮೆಟ್ಟಿಲೇ ಗತಿ.

ನನ್ನ ಆಫೀಸಿನ ಹುಡುಗ ಹುಡುಗಿಯರಿಗೆ ಇದನ್ನು ಹೇಳಿದ್ರೆ ನಗ್ತಾರೆ. ಅವರಿಗೆ ಲಿಫ್ಟ್ ಅಂದ್ರೆ ಟೆಕ್ ಪಾರ್ಕಿನ ಹೊಳೆಯೋ ಸ್ಟೀಲ್ ಪೆಟ್ಟಿಗೆ. ಒಳಗೆ ಹೋಗು, ಫೋನ್ ನೋಡು, ಹೊರಗೆ ಬಾ. ಅದರ ಬಗ್ಗೆ ನೆನಪಿಟ್ಟುಕೊಳ್ಳೋಕೆ ಏನಿದೆ ಅಂತ ಅವರ ಪ್ರಶ್ನೆ. ನನಗೆ ಮಾತ್ರ ಒಂದು ಲಿಫ್ಟು ಇವತ್ತಿಗೂ ನೆನಪಿದೆ. ಅದು ನಮ್ಮಮ್ಮನ ಲಿಫ್ಟು.

ತೊಂಬತ್ತರ ದಶಕದ ಬೆಂಗಳೂರು. ಮೆಜೆಸ್ಟಿಕ್‌ನಿಂದ ಸ್ವಲ್ಪವೇ ದೂರದಲ್ಲಿ ಎಲ್ಲಾ ಸಾಮಾನೂ ಸಿಗುವ ದೊಡ್ಡದೊಂದು ಅಂಗಡಿ ಇತ್ತು. ಹೆಸರು ಬೇಡ ಬಿಡಿ, ನಿಮ್ಮ ಊರಲ್ಲೂ ಅಂಥದ್ದೊಂದು ಇದ್ದೇ ಇರುತ್ತೆ. ನೆಲಮಹಡಿಯಲ್ಲಿ ಸೋಪು, ಪೌಡರು, ಬಿಸ್ಕತ್ತು, ಸ್ಟೀಲ್ ಪಾತ್ರೆ. ಒಂದನೇ ಮಹಡಿಯಲ್ಲಿ ಗಂಡಸರ ಬಟ್ಟೆ. ಎರಡನೆಯದರಲ್ಲಿ ಆಟದ ಸಾಮಾನು, ಸ್ಕೂಲ್ ಬ್ಯಾಗು, ಛತ್ರಿ, ಸೂಟ್‌ಕೇಸು. ಮೂರನೇ ಮಹಡಿಯಲ್ಲಿ ಸೀರೆ. ಈ ನಾಲ್ಕನ್ನೂ ಹೊಲಿಗೆ ಹಾಕಿದ ಹಾಗೆ ಮಧ್ಯದಲ್ಲಿ ಒಂದು ಲಿಫ್ಟು.

ಹೊರಗೊಂದು ಜಾಲರಿ ಗೇಟು, ಒಳಗೊಂದು ಜಾಲರಿ ಗೇಟು. ಒಳಗೆ ಹಸಿರು ಬಣ್ಣದ ಗೋಡೆ, ಮೇಲೆ ಗರಗರ ಅನ್ನೋ ಪುಟ್ಟ ಫ್ಯಾನು, ಮೂಲೆಯಲ್ಲಿ ಮರದ ಸ್ಟೂಲು. ಲಿಫ್ಟು ಏರುವಾಗ ಜಾಲರಿಯ ಸಂದಿಯಿಂದ ಗೋಡೆಯ ಇಟ್ಟಿಗೆ, ಆಮೇಲೆ ಮಹಡಿಯ ನೆಲ, ಜನರ ಚಪ್ಪಲಿ, ಸೀರೆಯ ಅಂಚು, ಕೊನೆಗೆ ಮುಖಗಳು ಕಾಣಿಸ್ತಿದ್ದವು. ಜನರನ್ನು ಪಾದದಿಂದ ತಲೆವರೆಗೆ ನೋಡೋ ಅವಕಾಶ ಮಕ್ಕಳಿಗೆ ಬೇರೆಲ್ಲಿ ಸಿಗಬೇಕು?

ಗೋಡೆ ಮೇಲೆ ಒಂದು ಫಲಕ: "6 ಜನ, 408 ಕೆ.ಜಿ." ನಾನು ಮನಸ್ಸಲ್ಲೇ ಭಾಗಿಸಿ ನೋಡ್ತಿದ್ದೆ. ತಲೆಗೆ 68 ಕೆ.ಜಿ. ನೀವೂ ಗಮನಿಸಿ, ನಮ್ಮ ದೇಶದ ಎಷ್ಟೋ ಲಿಫ್ಟುಗಳಲ್ಲಿ ಇದೇ ಲೆಕ್ಕ. 4 ಜನ ಅಂದ್ರೆ 272, 8 ಜನ ಅಂದ್ರೆ 544, 13 ಜನ ಅಂದ್ರೆ 884. ಲಿಫ್ಟಿನ ಲೆಕ್ಕದಲ್ಲಿ ನಾವೆಲ್ಲರೂ 68 ಕೆ.ಜಿ. ಮನುಷ್ಯರೇ. ಸಾಹೇಬರಾಗಲಿ, ಕೂಲಿಯವರಾಗಲಿ ಅದಕ್ಕೆ ಭೇದ ಇಲ್ಲ.

ಸ್ಟೂಲಿನ ಮೇಲೆ ಖಾಕಿ ಅಂಗಿಯ ಒಬ್ಬರು ಕೂತಿರ್ತಿದ್ರು. ನಾವು ಮಕ್ಕಳು ಅವರನ್ನು 'ಲಿಫ್ಟ್ ಅಂಕಲ್' ಅಂತಿದ್ವಿ. ಅವರ ಕೆಲಸ ಬರೀ ಗುಂಡಿ ಒತ್ತೋದು ಅಂತ ಯಾರಾದ್ರೂ ಅಂದ್ಕೊಂಡಿದ್ರೆ ತಪ್ಪು. ಪ್ರತಿ ಮಹಡಿ ಬಂದಾಗಲೂ ಅಲ್ಲಿ ಏನೇನು ಸಿಗುತ್ತೆ ಅಂತ ಒಂದೇ ಉಸಿರಲ್ಲಿ ಹೇಳೋರು. ಬಂದವರ ಮುಖ ನೋಡಿ ಕನ್ನಡ, ತಮಿಳು, ಉರ್ದು ಅಂತ ಭಾಷೆ ಬದಲಾಯಿಸೋರು. ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಒಳಗೆ ಕಾಲಿಡೋಕೆ ಹೆದರಿ ನಿಂತರೆ, "ಬಾ ತಾಯಿ, ನಾನಿದೀನಲ್ಲ" ಅನ್ನೋರು. ಆ ಒಂದು ಮಾತಿಗೆ ಎಷ್ಟು ಜನ ಲಿಫ್ಟ್ ಹತ್ತಿದ್ರೋ!

ಈಗ ಅಮ್ಮನ ವಿಷಯ. ಅಮ್ಮನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿತ್ತು. ಎಡಗಾಲಿಗೆ ಕ್ಯಾಲಿಪರ್, ಕೈಯಲ್ಲೊಂದು ಕೋಲು. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದರು. ಸಂಬಳ ಅವರದ್ದು, ಖರ್ಚು ಮಾಡೋ ಧೈರ್ಯವೂ ಅವರದ್ದು. ಆದರೆ ಚಿಕ್ಕಪೇಟೆಯ ಕಡಿದಾದ ಮೆಟ್ಟಿಲಿನ ಅಂಗಡಿಗಳಲ್ಲಿ ಆ ಧೈರ್ಯ ಉಪಯೋಗಕ್ಕೆ ಬರ್ತಿರಲಿಲ್ಲ. ಅಂಗಡಿಯವರು ಒಳ್ಳೇ ಮನಸ್ಸಿನಿಂದಲೇ ಹೇಳೋರು: "ಅಮ್ಮಾ, ನೀವಿಲ್ಲೇ ಕೂತ್ಕೊಳ್ಳಿ. ನಾವೇ ತಂದು ತೋರಿಸ್ತೀವಿ."

ಒಂದು ಕುರ್ಚಿ ಬರೋದು, ಒಂದು ಲೋಟ ನೀರು ಬರೋದು. ಆಮೇಲೆ ನಾಲ್ಕೋ ಐದೋ ಸೀರೆ ಕೆಳಗೆ ಇಳಿದು ಬರೋವು. ಅಮ್ಮ ಅದರಲ್ಲೇ ಒಂದನ್ನು ಆರಿಸಬೇಕು. ಮನೆಗೆ ಬಂದು ಹೇಳೋರು: "ಅವರು ಆರಿಸಿ ತಂದದ್ದರಲ್ಲಿ ನಾನು ಆರಿಸಿದೆ ಅಷ್ಟೇ."

ಈ ಅಂಗಡಿಯಲ್ಲಿ ಹಾಗಿರಲಿಲ್ಲ. ಲಿಫ್ಟು ಹತ್ತಿ ಅಮ್ಮ ತಾವೇ ಮೂರನೇ ಮಹಡಿಗೆ ಹೋಗೋರು. ಇಳಕಲ್ ಮುಟ್ಟಿ, ಮೊಳಕಾಲ್ಮೂರಿನ ಅಂಚು ನೋಡಿ, ಪಕ್ಕದಲ್ಲಿ ಕೂತ ಯಾರೋ ಮದುವೆ ಮನೆಯವರು ಬಿಡಿಸಿದ ಸೀರೆಯ ಸೆರಗನ್ನು ಎಳೆದು, "ಇದೇ ಬಣ್ಣದಲ್ಲಿ ಸಣ್ಣ ಜರಿ ಇದೆಯಾ?" ಅಂತ ಕೇಳೋರು. ಒಂದು ಗಂಟೆ ಕೂತು, ನಲವತ್ತು ಸೀರೆ ತೆಗೆಸಿ, ಒಂದನ್ನೂ ಕೊಳ್ಳದೆ ಎದ್ದು ಬಂದದ್ದೂ ಉಂಟು. ಅಪ್ಪ ಗೊಣಗಿದ್ರೆ, "ಬೇಡ ಅನ್ನೋಕೂ ಮೇಲೆ ಹೋಗಬೇಕಲ್ಲ" ಅಂದಿದ್ರು. ಆಗ ನನಗದು ಅರ್ಥ ಆಗಿರಲಿಲ್ಲ.

ಈ ಮೇಲೆ ಹೋಗೋದರಲ್ಲಿ ಎರಡಿಂಚಿನ ಒಂದು ಸಮಸ್ಯೆ ಇತ್ತು. ಹಳೇ ಲಿಫ್ಟು ಹೇಗೆ ಓಡುತ್ತೆ ಅಂತ ತಿಳಿದರೆ ಅದು ಅರ್ಥ ಆಗುತ್ತೆ. ಬಾವಿಯ ರಾಟೆ ನೆನಪು ಮಾಡ್ಕೊಳ್ಳಿ. ರಾಟೆಯ ಒಂದು ಕಡೆ ನಾವು ನಿಂತಿರೋ ಪೆಟ್ಟಿಗೆ, ಇನ್ನೊಂದು ಕಡೆ ಕಬ್ಬಿಣದ ತೂಕದ ಕಲ್ಲುಗಳು. ಆ ಕಲ್ಲುಗಳ ತೂಕ ಸುಮಾರಾಗಿ ಖಾಲಿ ಪೆಟ್ಟಿಗೆ ಮತ್ತು ಅರ್ಧದಷ್ಟು ಜನರ ತೂಕಕ್ಕೆ ಸಮ. ಹಾಗಾಗಿ ಮೋಟಾರು ಎಲ್ಲರ ಭಾರವನ್ನೂ ಎತ್ತಬೇಕಿಲ್ಲ, ಎರಡು ಕಡೆಯ ವ್ಯತ್ಯಾಸವನ್ನು ಎತ್ತಿದರೆ ಸಾಕು. ಹಳೇ ಮೋಟಾರಿಗೆ ಇದ್ದದ್ದು ಒಂದೇ ವೇಗ. ಮಹಡಿ ಹತ್ತಿರ ಬಂದಾಗ ಕರೆಂಟು ನಿಂತು ಬ್ರೇಕ್ ಹಿಡಿಯೋದು, ಅಷ್ಟೇ. ಆರು ಜನ ತುಂಬಿಕೊಂಡು ಇಳಿದರೆ ಪೆಟ್ಟಿಗೆ ನೆಲಕ್ಕಿಂತ ಸ್ವಲ್ಪ ಕೆಳಗೆ ಹೋಗಿ ನಿಲ್ಲೋದು. ಒಬ್ಬರೇ ಇದ್ದರೆ ಸ್ವಲ್ಪ ಮೇಲೇ ನಿಲ್ಲೋದು. ಈಗಿನ ಲಿಫ್ಟುಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣ ವೇಗವನ್ನು ಮೆಲ್ಲಗೆ ಇಳಿಸಿ ನೆಲಕ್ಕೆ ಸಮನಾಗಿ ತಂದು ನಿಲ್ಲಿಸುತ್ತೆ.

ನಮಗೆಲ್ಲ ಆ ಎರಡಿಂಚು ಲೆಕ್ಕಕ್ಕೇ ಇಲ್ಲ. ಕ್ಯಾಲಿಪರ್ ಹಾಕಿದವರಿಗೆ ಅದೊಂದು ಮೆಟ್ಟಿಲು. ಲಿಫ್ಟ್ ಅಂಕಲ್‌ಗೆ ಇದು ಗೊತ್ತಿತ್ತು. ಗೇಟು ತೆಗೆಯೋ ಮೊದಲು ನೆಲ ನೋಡಿ, "ಅಮ್ಮಾ, ಎರಡಿಂಚು ಏರಿದೆ, ಕೋಲು ಮೊದಲು ಇಡಿ" ಅನ್ನೋರು. ಕೈ ಹಿಡಿಯೋಕೆ ಬರ್ತಿರಲಿಲ್ಲ. ಅಮ್ಮನಿಗೆ ಅದು ಇಷ್ಟ ಆಗಲ್ಲ ಅನ್ನೋದೂ ಅವರಿಗೆ ಗೊತ್ತಿತ್ತು. ಗೇಟನ್ನು ಹಿಡಿದು ನಿಂತಿರೋರು, ಎಷ್ಟು ಹೊತ್ತಾದ್ರೂ. ಹಿಂದೆ ಯಾರಾದ್ರೂ ತಳ್ಳಿದ್ರೆ, "ಇರ್ರೀ ಸ್ವಾಮಿ, ಅಂಗಡಿ ಎಲ್ಲೂ ಓಡಿಹೋಗಲ್ಲ" ಅಂತ ಗದರೋರು.

ಲಿಫ್ಟಿಗೂ ಅಂಗಡಿಗೂ ಇರೋ ನಂಟು ಇವತ್ತಿನದ್ದಲ್ಲ. ಎಲಿಷಾ ಓಟಿಸ್ ಅನ್ನೋ ಅಮೆರಿಕನ್ನು 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ತಾನು ನಿಂತ ಕಟ್ಟೆಯ ಹಗ್ಗವನ್ನೇ ಕತ್ತರಿಸಿ ತೋರಿಸಿದ. ಕಟ್ಟೆ ಬೀಳಲಿಲ್ಲ, ಆತ ಜೋಡಿಸಿದ್ದ ಹಿಡಿತ ಅದನ್ನು ಅಲ್ಲೇ ನಿಲ್ಲಿಸಿತು. ಮೂರು ವರ್ಷದ ನಂತರ, 1857ರ ಮಾರ್ಚ್ 23ರಂದು, ಆತನ ಕಂಪನಿ ಜನ ಹತ್ತೋ ಲಿಫ್ಟನ್ನು ಹಾಕಿತು. ಎಲ್ಲಿ ಗೊತ್ತಾ? ಅರಮನೆಯಲ್ಲಲ್ಲ, ಸರ್ಕಾರಿ ಕಚೇರಿಯಲ್ಲೂ ಅಲ್ಲ. ಬ್ರಾಡ್‌ವೇ ರಸ್ತೆಯ ಹಾವುಟ್ ಅನ್ನೋ ಐದು ಅಂತಸ್ತಿನ ಪಿಂಗಾಣಿ ಮತ್ತು ಗಾಜಿನ ಸಾಮಾನಿನ ಅಂಗಡಿಯಲ್ಲಿ! ಹಬೆಯಂತ್ರದಿಂದ ಓಡುತ್ತಿದ್ದ ಅದರ ವೇಗ ನಿಮಿಷಕ್ಕೆ ಸುಮಾರು 40 ಅಡಿ. ಆ ಕಟ್ಟಡ ಇವತ್ತಿಗೂ ಅಲ್ಲೇ ಇದೆ.

ನಮ್ಮ ದೇಶದ ಮೊದಮೊದಲ ಲಿಫ್ಟುಗಳ ಮಾತು ಬಂದಾಗಲೆಲ್ಲ ಕೇಳಿಬರೋ ಹೆಸರು ಕೋಲ್ಕತ್ತಾದಲ್ಲಿ 2025ರವರೆಗೆ ರಾಜಭವನ ಅಂತ ಕರೆಸಿಕೊಳ್ಳುತ್ತಿದ್ದ ಕಟ್ಟಡದ್ದು. ಅಲ್ಲಿ 1892ರಲ್ಲಿ ಲಿಫ್ಟು ಬಂತು. ಆಗ ಅದು ವೈಸ್‌ರಾಯ್ ಮನೆ. ಅಂದರೆ ಅಲ್ಲಿ ಅದು ಗಿರಾಕಿಗಾಗಿ ಬಂತು, ಇಲ್ಲಿ ದೊರೆಗಾಗಿ. ಸಾಮಾನ್ಯ ಜನ ಕಾಸು ಕೊಡದೆ, ಯಾರ ಅಪ್ಪಣೆಯೂ ಇಲ್ಲದೆ ಲಿಫ್ಟು ಹತ್ತೋ ಜಾಗ ನಮ್ಮಲ್ಲಿ ಆಮೇಲೆ ಬಂತು. ಎಂ.ಜಿ. ರಸ್ತೆಯ 25 ಅಂತಸ್ತಿನ ಯುಟಿಲಿಟಿ ಬಿಲ್ಡಿಂಗ್‌ಗೆ ಲಿಫ್ಟ್ ಹತ್ತೋಕೆ ಅಂತಲೇ ಹೋಗಿಬಂದ ಕಥೆ ನಮ್ಮ ಮನೆಯ ದೊಡ್ಡವರ ಬಾಯಲ್ಲಿ ಕೇಳಿದ್ದೇನೆ. ನಮ್ಮ ಪಾಲಿಗೆ ಅಂಥ ಜಾಗ ಅಂದ್ರೆ ಈ ಅಂಗಡಿ.

ಹಾಗಂತ ಹಳೇದೆಲ್ಲ ಬಂಗಾರ ಅಂತ ನಾನು ಹೇಳ್ತಿಲ್ಲ. ಆ ಜಾಲರಿ ಗೇಟುಗಳು ಅಪಾಯಕಾರಿ. ಮಕ್ಕಳ ಬೆರಳು, ಪಾದ, ಹೆಂಗಸರ ಸೆರಗು, ಜಡೆ, ಯಾವುದು ಬೇಕಾದ್ರೂ ಆ ಸಂದಿಗೆ ಸಿಕ್ಕಿಕೊಳ್ಳಬಹುದಿತ್ತು. ಇವತ್ತಿಗೂ ಹಳೇ ಕಟ್ಟಡಗಳಲ್ಲಿ ಅಂಥ ಗೇಟು ಇದ್ದರೆ ಮಕ್ಕಳನ್ನು ಮುಂದೆ ನಿಲ್ಲಿಸಬೇಡಿ. ಪೂರ್ತಿ ಮುಚ್ಚೋ ಬಾಗಿಲು, ಅಡ್ಡ ಏನಾದ್ರೂ ಬಂದರೆ ತಾನೇ ತೆರೆದುಕೊಳ್ಳೋ ಬೆಳಕಿನ ಪರದೆ, ಕರೆಂಟು ಹೋದ್ರೆ ಹತ್ತಿರದ ಮಹಡಿಗೆ ತಂದು ಬಿಡೋ ವ್ಯವಸ್ಥೆ, ಇವೆಲ್ಲ ಬಂದದ್ದು ಒಳ್ಳೇದೇ. ಗೇಟು ಹೋಗಲಿ. ನನಗೆ ಚಿಂತೆ ಇರೋದು ಆ ಸ್ಟೂಲಿನದ್ದು.

ಸ್ಟೂಲು ಖಾಲಿಯಾದ ಕಥೆಯೂ ದೊಡ್ಡದೇ. 1945ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಸಾವಿರಾರು ಲಿಫ್ಟ್ ಆಪರೇಟರುಗಳು ಮುಷ್ಕರ ಹೂಡಿದಾಗ ಗಗನಚುಂಬಿ ಕಟ್ಟಡಗಳ ಕೆಲಸವೇ ನಿಂತುಹೋಯ್ತು. ಆಪರೇಟರ್ ಇಲ್ಲದೆ ಓಡೋ ಲಿಫ್ಟು ಅಷ್ಟು ಹೊತ್ತಿಗೆ ಇತ್ತು, ಆದರೆ ಜನರಿಗೆ ಭಯ. ಮುಷ್ಕರದ ನಂತರ ಕಟ್ಟಡಗಳ ಮಾಲೀಕರು ಅದರ ಕಡೆ ಹೆಚ್ಚು ಹೆಚ್ಚು ವಾಲಿದರು. ಜಪಾನಿನಲ್ಲಿ ಮಾತ್ರ ಬೇರೆ ದಾರಿ. ಅಲ್ಲಿನ ದೊಡ್ಡ ಅಂಗಡಿಗಳು 1929ರಿಂದಲೇ ಲಿಫ್ಟಿಗೆ ಹುಡುಗಿಯರನ್ನು ನೇಮಿಸಿದ್ದವು. ಟೋಕಿಯೋದ ನಿಹೊನ್‌ಬಾಶಿಯಲ್ಲಿರುವ ತಕಾಶಿಮಾಯಾ ಅಂಗಡಿಯ 1933ರ ಕಟ್ಟಡವನ್ನು ಆ ದೇಶ 2009ರಲ್ಲಿ ಮಹತ್ವದ ಸಾಂಸ್ಕೃತಿಕ ಆಸ್ತಿ ಅಂತ ಘೋಷಿಸಿತು. ಕೈಯಿಂದ ನಡೆಸೋ ಹಳೇ ಲಿಫ್ಟು, ಅದರೊಳಗೆ ನಿಂತು ಸ್ವಾಗತಿಸೋ ಸಿಬ್ಬಂದಿ, ಎರಡಕ್ಕೂ ಆ ಅಂಗಡಿ ಹೆಸರುವಾಸಿ.

ನಮ್ಮ ಅಂಗಡಿಯಲ್ಲಿ ಯಾರೂ ಮುಷ್ಕರ ಮಾಡಲಿಲ್ಲ, ಯಾರೂ ಏನನ್ನೂ ಘೋಷಿಸಲೂ ಇಲ್ಲ. ಒಂದು ವರ್ಷ ದೀಪಾವಳಿಗೆ ಹೋದಾಗ ಲಿಫ್ಟಿನ ಜಾಗಕ್ಕೆ ಹಲಗೆ ಹೊಡೆದಿದ್ರು. ಯುಗಾದಿಗೆ ಹೋದಾಗ ಹೊಸ ಸ್ಟೀಲ್ ಲಿಫ್ಟು ಬಂದಿತ್ತು. ಸ್ಟೂಲು ಇರಲಿಲ್ಲ. ಲಿಫ್ಟ್ ಅಂಕಲ್ ಪಾರ್ಸೆಲ್ ಕೌಂಟರಿನಲ್ಲಿ ಚೀಲಗಳಿಗೆ ಟೋಕನ್ ಕಟ್ಟುತ್ತಿದ್ದರು. ಅಮ್ಮನನ್ನು ನೋಡಿ ಎದ್ದು ನಿಂತು, "ಹೊಸದು ಬಂದಿದೆ ಅಮ್ಮಾ, ಎರಡಿಂಚಿನ ತಾಪತ್ರಯ ಇಲ್ಲ" ಅಂತ ಖುಷಿಯಿಂದಲೇ ಹೇಳಿದ್ರು.

ನಿಜ, ನೆಲ ಸಮನಾಗಿತ್ತು. ಆದರೆ ಬಾಗಿಲು ಕಾಯುತ್ತಿರಲಿಲ್ಲ. ಅಮ್ಮ ಕೋಲು ಒಳಗಿಟ್ಟು ಕಾಲೆತ್ತುವಷ್ಟರಲ್ಲಿ ಮುಚ್ಚೋಕೆ ಶುರು ಆಯ್ತು. ಕೋಲಿಗೆ ತಗುಲಿ ಮತ್ತೆ ತೆರೆದುಕೊಳ್ತು. ಏನೂ ಪೆಟ್ಟಾಗಲಿಲ್ಲ. ಒಳಗಿದ್ದ ಐದು ಜನ ಸುಮ್ಮನೆ ಅಂಕಿ ತೋರಿಸೋ ದೀಪವನ್ನೇ ನೋಡ್ತಿದ್ರು. ಒಬ್ಬರು ವಾಚ್ ನೋಡ್ಕೊಂಡ್ರು. ಅಮ್ಮ ಹಿಂದೆ ಸರಿದು, "ನೀವು ಹೋಗಿ, ನಾನು ಆಮೇಲೆ ಬರ್ತೀನಿ" ಅಂದ್ರು. ಮುಂದಿನದ್ದು ತುಂಬಿ ಬಂತು. ಅದರ ಮುಂದಿನದ್ದೂ ಹಾಗೇ. ಅಷ್ಟರಲ್ಲಿ ಕೆಳಗಿನ ಹುಡುಗನೊಬ್ಬ ಕುರ್ಚಿ ತಂದು ಹಾಕಿ, ಬಹಳ ಮರ್ಯಾದೆಯಿಂದ ಹೇಳಿದ: "ಅಮ್ಮಾ, ನೀವಿಲ್ಲೇ ಕೂತ್ಕೊಳ್ಳಿ. ನಾವೇ ತಂದು ತೋರಿಸ್ತೀವಿ."

ಆಮೇಲೆ ಅಮ್ಮ ಆ ಅಂಗಡಿಗೆ ಹೋಗಲಿಲ್ಲ.

ಈಗ ಮಾಲ್‌ಗಳ ಕಾಲ. ಒಳಗೆ ಹೋದ ತಕ್ಷಣ ಕಣ್ಣಿಗೆ ಬೀಳೋದು ಎಸ್ಕಲೇಟರ್. ಅದಕ್ಕೆ ಕಾರಣವೂ ಇದೆ. ಲಿಫ್ಟು ಒಂದು ಸಲಕ್ಕೆ ಕೆಲವೇ ಜನರನ್ನು ಒಯ್ಯುತ್ತೆ, ಅದೂ ಮುಚ್ಚಿದ ಪೆಟ್ಟಿಗೆಯಲ್ಲಿ. ಎಸ್ಕಲೇಟರ್ ನಿಲ್ಲದೆ ಜನರನ್ನು ಸಾಗಿಸುತ್ತೆ, ಸಾಗುವಾಗ ಸುತ್ತಲಿನ ಅಂಗಡಿಗಳನ್ನೂ ತೋರಿಸುತ್ತೆ. ವ್ಯಾಪಾರಕ್ಕೆ ಅದೇ ಲಾಭ. ಲಿಫ್ಟು ಎಲ್ಲೋ ಶೌಚಾಲಯದ ಪಕ್ಕದ ಮೂಲೆ ಸೇರಿಬಿಡುತ್ತೆ. ಲಂಡನ್ನಿನ ಹ್ಯಾರಡ್ಸ್ ಅಂಗಡಿ 1898ರಲ್ಲಿ ಮೊದಲ ಸಲ ಚಲಿಸುವ ಮೆಟ್ಟಿಲು ಹಾಕಿದಾಗ, ಮೇಲೆ ತಲುಪಿದವರಿಗೆ ಗಾಬರಿ ಇಳಿಯಲಿ ಅಂತ ಬ್ರಾಂದಿ ಕೊಡ್ತಿದ್ದರಂತೆ. ಇದನ್ನು ಅಮ್ಮನಿಗೆ ಹೇಳಿದ್ದಕ್ಕೆ, "ನಂಗೆ ಬ್ರಾಂದಿ ಬೇಡ ಕಣೇ, ಲಿಫ್ಟ್ ಎಲ್ಲಿದೆ ಅಂತ ಒಂದು ಬೋರ್ಡ್ ಹಾಕಿದ್ರೆ ಸಾಕು" ಅಂದ್ರು.

ಈಗ ಅಮ್ಮನಿಗೆ ಫೋನಿನಲ್ಲೇ ಸೀರೆ ತೋರಿಸ್ತೀನಿ. ನಾಲ್ಕೈದಲ್ಲ, ಸಾವಿರಾರು. ಮನೆ ಬಾಗಿಲಿಗೇ ಬರುತ್ತೆ, ಬೇಡ ಅಂದ್ರೆ ವಾಪಸ್ಸೂ ಹೋಗುತ್ತೆ. ಮೊನ್ನೆ ಕನ್ನಡಕ ಏರಿಸಿಕೊಂಡು ಬೆರಳಲ್ಲಿ ಸರಿಸ್ತಾ ಸರಿಸ್ತಾ ಅಮ್ಮ ಹೇಳಿದ್ರು: "ಇದೂ ಕುರ್ಚಿ ಹಾಕಿ ಕೂರಿಸಿದ ಹಾಗೇ ಅಲ್ವೇನೇ? ಅವರು ಆರಿಸಿ ತೋರಿಸಿದ್ದನ್ನ ನೋಡೋದು."

ಅನುಕೂಲ ಬೇರೆ, ಆಯ್ಕೆ ಬೇರೆ. ಸಾಮಾನು ನಮ್ಮ ಹತ್ತಿರ ಬರೋದು ಅನುಕೂಲ. ಸಾಮಾನು ಇರೋ ಕಡೆ ನಾವೇ ಹೋಗಿ, ನಾಲ್ಕು ಜನರ ನಡುವೆ ಕೂತು, ಮುಟ್ಟಿ, ಮಡಿಕೆ ಬಿಡಿಸಿ, ಬೇಡ ಅಂತ ಎದ್ದು ಬರೋದು ಆಯ್ಕೆ. ಲಿಫ್ಟು ಅಮ್ಮನಿಗೆ ಕೊಟ್ಟಿದ್ದು ಎರಡನೆಯದನ್ನು.

ಕಾನೂನೇನೋ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕರು ಬಳಸುವ ಕಟ್ಟಡಗಳು ಎಲ್ಲರೂ ಪ್ರವೇಶಿಸುವಂತಿರಬೇಕು ಅನ್ನುತ್ತೆ, ಖಾಸಗಿಯವರನ್ನೂ ಬಿಟ್ಟಿಲ್ಲ. ಕರ್ನಾಟಕದಲ್ಲಿ ಲಿಫ್ಟು ಮತ್ತು ಎಸ್ಕಲೇಟರುಗಳಿಗಾಗಿಯೇ 2012ರ ಕಾಯ್ದೆ ಇದೆ. ಆದರೆ ಸ್ಟೂಲಿನ ಮೇಲೆ ಕೂತವರು ಮಾಡ್ತಿದ್ದ ಕೆಲಸವನ್ನು ಯಾವ ಕಾಯ್ದೆಯೂ ಪೂರ್ತಿ ಮಾಡೋಕಾಗಲ್ಲ. ಅದನ್ನು ಈಗ ಒಳಗಿರೋ ನಾವೇ ಹಂಚಿಕೊಳ್ಳಬೇಕು.

ದೊಡ್ಡ ಕೆಲಸ ಏನಲ್ಲ. ಒಂದೆರಡು ಮಹಡಿಗಾದ್ರೆ, ಕಾಲು ಗಟ್ಟಿ ಇರೋರು ಮೆಟ್ಟಿಲೇ ಹತ್ತೋಣ. ಕೋಲು, ಗಾಲಿಕುರ್ಚಿ, ಬಸುರಿ, ಮಗು ಎತ್ತಿಕೊಂಡವರು ಕಂಡ್ರೆ ನಾವು ಹೊರಗೆ ಬಂದು ಜಾಗ ಬಿಡೋಣ. "ಯಾವ ಮಹಡಿ?" ಅಂತ ಬಾಯಿಬಿಟ್ಟು ಕೇಳೋಣ, ಕನ್ನಡದಲ್ಲೇ ಕೇಳೋಣ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಬಾಗಿಲು ಎಷ್ಟು ಸೆಕೆಂಡು ತೆರೆದಿರಬೇಕು ಅನ್ನೋದನ್ನು ಲಿಫ್ಟ್ ಮೆಕ್ಯಾನಿಕ್ ಬದಲಾಯಿಸಬಹುದು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ವಯಸ್ಸಾದವರಿದ್ದರೆ, ಮುಂದಿನ ಸಲ ಸರ್ವೀಸ್‌ಗೆ ಬಂದಾಗ ನಾಲ್ಕು ಸೆಕೆಂಡು ಜಾಸ್ತಿ ಇಡಿಸಿ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹೇಳಿ. ನಾಲ್ಕು ಸೆಕೆಂಡಿಗೆ ಯಾರ ಮೀಟಿಂಗೂ ತಪ್ಪಲ್ಲ.

ನಾಳೆ ಲಿಫ್ಟ್ ಹತ್ತಿದಾಗ ಗುಂಡಿಗಳ ಸಾಲಿನ ಕೆಳಗೆ ಒಮ್ಮೆ ನೋಡಿ. ಅಕ್ಕಪಕ್ಕ ಎರಡು ಗುಂಡಿ ಇರುತ್ತೆ. ಬಾಣಗಳು ಒಳಮುಖವಾಗಿರೋದು ಬಾಗಿಲು ಮುಚ್ಚೋಕೆ, ಹೊರಮುಖವಾಗಿರೋದು ತೆರೆದು ಹಿಡಿಯೋಕೆ. ನಮ್ಮ ಆಫೀಸಿನ ಲಿಫ್ಟಿನಲ್ಲಿ ಮುಚ್ಚೋ ಗುಂಡಿಯ ಗುರುತು ಬೆರಳು ತಾಗಿ ತಾಗಿ ಅಳಿಸೇ ಹೋಗಿದೆ. ತೆರೆಯೋ ಗುಂಡಿ ಇನ್ನೂ ಹೊಚ್ಚ ಹೊಸದರಂತಿದೆ.